ಎರಡು ಊರಿನ ಕಾದಂಬರಿಗೆ ಒಂದೇ ಪೆನ್ಸಿಲ್

ನಮ್ಮ ಓದುಬಳಗದಲ್ಲಿ ಚೈನಾ ಮಿಯೆವಿಲ್ ಬರೆದ 'ದಿ ಸಿಟಿ ಅಂಡ್ ದಿ ಸಿಟಿ' ಕೊನೆಗೂ ಪೂರ್ತಿ ಓದಿ ಮುಗಿಯಿತು. ಹತ್ತು ಹನ್ನೆರಡು ಜನ ಕೂತೆವು, ಈ ಸಲ ಯಾರೂ ನಡುವೆ ಬಿಡಲಿಲ್ಲ. "ಐವತ್ತು ಪುಟ ದಾಟಲ್ಲ, ಸುಮ್ನೆ ಬೇರೆ ಪುಸ್ತಕ ತಗೊಳ್ಳಿ" ಅಂದವರು ಬಳಗದ ಒಳಗೇ ಇದ್ದರು. ಅವರೇ ಈಗ ವಿಧಾನ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಇದು 2009ರ ಪತ್ತೇದಾರಿ ಕಾದಂಬರಿ. ಮರುವರ್ಷ ಹ್ಯೂಗೋ, ಆರ್ಥರ್ ಸಿ. ಕ್ಲಾರ್ಕ್ ಎರಡೂ ಪ್ರಶಸ್ತಿ ಬಂದವು. ಬೆಝೆಲ್ ಮತ್ತು ಉಲ್ ಕೋಮಾ ಅಂತ ಎರಡು ಊರು, ಎರಡೂ ಒಂದೇ ನೆಲದ ಮೇಲೆ. ಕೆಲವು ಬೀದಿ ಪೂರ್ತಿ ಇದರದು, ಕೆಲವು ಅದರದು, ಕೆಲವು ಎರಡಕ್ಕೂ ಸೇರಿದ್ದು. ಆ ಊರಿನವರು ಪಕ್ಕದಲ್ಲೇ ನಡೆದುಹೋದರೂ ಈ ಊರಿನವರು ಕಂಡೂ ಕಾಣದಂತೆ ಇರಬೇಕು. ತಪ್ಪಿದರೆ 'ಬ್ರೀಚ್' ಅನ್ನುವ ನಿಗೂಢ ಕಾವಲು ಪಡೆ ಬಂದು ಎತ್ತಿಕೊಂಡು ಹೋಗುತ್ತದೆ. ಬೆಝೆಲ್‌ನಲ್ಲಿ ಒಬ್ಬಳ ಹೆಣ ಸಿಗುತ್ತದೆ, ಇನ್‌ಸ್ಪೆಕ್ಟರ್ ಬೋರ್ಲು ತನಿಖೆ ಶುರು ಮಾಡುತ್ತಾನೆ.

ಎಲ್ಲರೂ ಎಡವುವುದು ಮೊದಲ ಅಧ್ಯಾಯದ ಕೊನೆಯಲ್ಲಿ. ಬೋರ್ಲು ಬೀದಿಯಲ್ಲಿ ಒಬ್ಬ ಮುದುಕಿಯನ್ನು ನೋಡುತ್ತಾನೆ. ಮರುಕ್ಷಣ ಅವಳು ಆ ಬೀದಿಯಲ್ಲಿ ಇಲ್ಲವೇ ಇಲ್ಲ, ತಾನು ಅವಳನ್ನು ನೋಡಬಾರದಿತ್ತು ಅಂತ ಹೊಳೆದು ಬೆಚ್ಚುತ್ತಾನೆ. ದೆವ್ವವಾ, ಭ್ರಮೆಯಾ ಅಂತ ಓದುಗರು ಕೇಳುತ್ತಾರೆ. ಲೇಖಕ ತಕ್ಷಣ ಬಿಡಿಸಿ ಹೇಳುವುದಿಲ್ಲ.

ಹಿಂದಿನ ತಂಡಕ್ಕೆ ನಾಲ್ಕು ಪುಟದ ಟಿಪ್ಪಣಿ ಮಾಡಿ, ಜೆರಾಕ್ಸ್ ಮಾಡಿಸಿ ಮೊದಲೇ ಹಂಚಿದ್ದೆ. ನಿಯಮ ಎಲ್ಲರಿಗೂ ಗೊತ್ತಾಯಿತು, ಓದುವ ಆಸೆ ಹೋಯಿತು. ಅರ್ಧ ಜನ ಬರುವುದನ್ನೇ ನಿಲ್ಲಿಸಿದರು. ಆಮೇಲೆ ನಕ್ಷೆ. ಗೆಳೆಯರೊಬ್ಬರು ಬಿಡಿಸಿಕೊಟ್ಟರು, ಫ್ಲೆಕ್ಸ್ ಮಾಡಿಸಿದೆ, ಎಂಟುನೂರು ರೂಪಾಯಿ ಹತ್ತಿರ ಆಯಿತು. ಗೋಡೆಗೆ ಹಾಕಿದ ದಿನವೇ ತೊಂದರೆ ಗೊತ್ತಾಯಿತು. ನಕ್ಷೆಯಲ್ಲಿ ಎರಡೂ ಊರು ಒಟ್ಟಿಗೆ ಕಾಣುತ್ತವೆ. ಈ ಪುಸ್ತಕದಲ್ಲಿ ಹಾಗೆ ನೋಡುವುದೇ ಅಪರಾಧ, ಅಲ್ವಾ? ಮೇಲಿನಿಂದ ನೋಡಿದವನಿಗೆ ಬೋರ್ಲುವಿನ ಭಯ ಮುಟ್ಟುವುದೇ ಇಲ್ಲ. ಪುಟದಲ್ಲಿ ಊರಿಗೊಂದು ಬಣ್ಣದ ಗುರುತು ಹಾಕಲು ಬಣ್ಣದ ಪೆನ್ಸಿಲ್ ಕೊಟ್ಟೂ ನೋಡಿದೆ. ಬಣ್ಣ ಬದಲಿಸುವ ಗಡಿಬಿಡಿಯಲ್ಲಿ ಓದು ನಿಂತುಹೋಗುತ್ತಿತ್ತು.

ಫಲ ಕೊಟ್ಟದ್ದು ಒಂದೇ ಪೆನ್ಸಿಲ್. ಪುಟದ ಅಂಚಿನಲ್ಲಿ ಬೆಝೆಲ್‌ಗೆ ಎಡಕ್ಕೆ ವಾಲಿದ ಗೆರೆ, ಉಲ್ ಕೋಮಾಕ್ಕೆ ಬಲಕ್ಕೆ ವಾಲಿದ ಗೆರೆ. ಎರಡೂ ಸೇರಿದ ಜಾಗಕ್ಕೆ ಗೆರೆ ತಾನಾಗಿ ಕತ್ತರಿ ಆಗುತ್ತದೆ. ಒಂದು ಕಟ್ಟುನಿಟ್ಟು ಇಟ್ಟೆ: ಬೋರ್ಲು ಬಾಯಿಬಿಟ್ಟು ಒಪ್ಪಿಕೊಂಡದ್ದಕ್ಕೆ ಮಾತ್ರ ಗುರುತು, ನಮ್ಮ ಊಹೆಗೆ ಇಲ್ಲ. ಕತೆ ಹೇಳುವವನು ಅವನೇ, ಹಾಗಾಗಿ ಅವನು ಎಲ್ಲಿ ಮುಖ ತಿರುಗಿಸುತ್ತಾನೆ ಅನ್ನುವುದು ಅಂಚಿನಲ್ಲೇ ಕಾಣತೊಡಗುತ್ತದೆ. ಮುದುಕಿಯ ಸಾಲಿಗೆ ಏನು ಗುರುತು ಹಾಕಬೇಕು ಅಂತ ಒಂದು ಸಂಜೆ ಇಡೀ ಜಗಳ ನಡೆಯಿತು. ನಾನು ಏನೂ ವಿವರಿಸಲಿಲ್ಲ. ಅವರೇ ನಿಯಮ ಕಂಡುಕೊಂಡರು.

ಎರಡನೇ ಭಾಗದಲ್ಲಿ ಬೋರ್ಲು ಎರಡು ಊರಿನ ನಡುವಿನ ಅಧಿಕೃತ ಗಡಿದ್ವಾರವಾದ ಕಾಪ್ಯುಲಾ ಹಾಲ್ ದಾಟಿ ಉಲ್ ಕೋಮಾಕ್ಕೆ ಹೋಗುತ್ತಾನೆ. ಈಗ ತನ್ನ ಊರನ್ನೇ ಕಾಣದಂತೆ ಇರಬೇಕು. ಇಲ್ಲಿ ಓದುಗರ ಕೈಯೂ ತಡವರಿಸಿತು. ಎಡಕ್ಕೆ ಗೆರೆ ಎಳೆದು ಅಭ್ಯಾಸವಾಗಿತ್ತು. ಆ ತಡವರಿಕೆ ಬೇಕು, ಅದನ್ನು ತಿದ್ದಬೇಡಿ. ಇನ್ನೊಂದು ಹೇಳಲೇಬೇಕು. ಹೆಣ ಸಾಗಿಸಿದ ವ್ಯಾನ್ ಯಾವ ದಾರಿಯಲ್ಲಿ ಬಂತು ಅಂತ ನಮ್ಮಲ್ಲಿ ಇಬ್ಬರು ಬೋರ್ಲುವಿಗಿಂತ ಮೊದಲೇ ಹೇಳಿಬಿಟ್ಟರು. ಗೆರೆ ನೋಡಿಯೇ ಹೇಳಿದ್ದು. ಬೇರೆ ಯಾವ ಪುಸ್ತಕದಲ್ಲೂ ನಮ್ಮ ಬಳಗ ಇಷ್ಟು ಚುರುಕಾಗಿ ಓದಿದ್ದನ್ನು ನಾನು ನೋಡಿಲ್ಲ.

ನಡುವೆ ಒಂದು ವಾರ ಕಾದಂಬರಿ ಬದಿಗಿಟ್ಟು ನಿಜವಾದ ಊರುಗಳಿಗೆ ಇದೇ ಗೆರೆ ಹಾಕಿದೆವು. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಕಲಸಿಕೊಂಡಿರುವ ಬಾರ್ಲೆ ಊರಿನಲ್ಲಿ ಗಡಿ ಮನೆಗಳ ಒಳಗೇ ಹಾದುಹೋಗುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು ಅನ್ನುವುದು ಅಲ್ಲಿನ ರೂಢಿ. ನಮ್ಮ ಹತ್ತಿರದ್ದೇ ಬೇಕೆಂದರೆ ಕೂಚ್ ಬೆಹಾರ್ ಕಡೆಯ ತುಂಡು ನೆಲಗಳು. 2015ರಲ್ಲಿ ಅದಲುಬದಲು ಆಗುವವರೆಗೆ ಭಾರತದ 111 ತುಂಡು ಬಾಂಗ್ಲಾದೇಶದೊಳಗೆ, ಅವರ 51 ತುಂಡು ನಮ್ಮೊಳಗೆ ಇದ್ದವು. ಅವುಗಳಲ್ಲಿ ಒಂದು ಕಡೆ ಬಾಂಗ್ಲಾದೊಳಗೆ ಭಾರತ, ಅದರೊಳಗೆ ಬಾಂಗ್ಲಾ, ಅದರೊಳಗೆ ಮತ್ತೆ ಭಾರತ ಅನ್ನುವ ಹಾಗೆ ಸುತ್ತಿಕೊಂಡಿತ್ತು. ಅದಕ್ಕೆ ಗೆರೆ ಹಾಕುತ್ತಾ ಕೂತರೆ ಕಾದಂಬರಿ ಸುಲಭ ಅನಿಸುತ್ತದೆ. ಆದರೆ ಅಲ್ಲಿನ ಜನರಿಗೆ ಇದು ಓದುವ ಆಟ ಆಗಿರಲಿಲ್ಲ, ಅದೂ ಚರ್ಚೆಗೆ ಬಂತು.

ಮೂರನೇ ಭಾಗ 'ಬ್ರೀಚ್'. ಅಲ್ಲಿ ಎರಡು ಬಗೆಯ ಗೆರೆಯೂ ಸಾಲುವುದಿಲ್ಲ. ನಾವು ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯಲ್ಲ, ನಿಮ್ಮ ಬಳಗ ತಾನಾಗಿ ಅಲ್ಲಿಗೆ ಬರಲಿ. ಜೋರಾಗಿ ಓದಲು ಯಾರನ್ನು ಯಾವ ಅಧ್ಯಾಯಕ್ಕೆ ಆರಿಸುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಖರ್ಚು: ಹಳೇ ಪ್ರತಿ ತಲಾ ಇನ್ನೂರೈವತ್ತು ಮುನ್ನೂರರೊಳಗೆ ಸಿಕ್ಕವು, ಸಿಗದವರು ಹೊಸದಕ್ಕೆ ಹೆಚ್ಚು ಕಡಿಮೆ ಎರಡರಷ್ಟು ಕೊಟ್ಟರು. ಪುಸ್ತಕ, ಹಿಂದಿನ ಜೆರಾಕ್ಸ್, ಫ್ಲೆಕ್ಸ್ ಎಲ್ಲ ಸೇರಿ ಆರು ಸಾವಿರದ ಆಸುಪಾಸು. ಈಗ ಶುರು ಮಾಡುವವರಿಗೆ ಪುಸ್ತಕ ಮತ್ತು ಪೆನ್ಸಿಲ್ ಸಾಕು. ಪೆನ್ಸಿಲ್ ಎಚ್‌ಬಿ ಇರಲಿ. 2ಬಿ ಆದರೆ ಪೇಪರ್‌ಬ್ಯಾಕ್‌ನ ಒರಟು ಹಾಳೆಯಲ್ಲಿ ಮಸಿ ಎದುರು ಪುಟಕ್ಕೆ ಹತ್ತುತ್ತದೆ, ಆಮೇಲೆ ಎಡಗೆರೆ ಬಲಗೆರೆ ಗೊತ್ತಾಗಲ್ಲ.