ಬೆಳಿಗ್ಗೆ ಹಡಗು, ಸಂಜೆ ಕೋಟೆ: ಪೋರ್ಟ್ಸ್‌ಮತ್‌ನಲ್ಲಿ ಮಕ್ಕಳ ಜೊತೆ ಒಂದು ದಿನ

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಹಳೆಯ ಯುದ್ಧನೌಕೆಗಳನ್ನೂ ಕಡಲ ದಂಡೆಯ ಕೋಟೆಯನ್ನೂ ಒಂದೇ ದಿನದಲ್ಲಿ ನೋಡಬಹುದು. ಆದರೆ ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಮಧ್ಯಾಹ್ನಕ್ಕೇ ಮಕ್ಕಳು ಸುಸ್ತಾಗುತ್ತಾರೆ. ಎರಡು ಹಡಗು, ಒಂದು ಕೋಟೆ ಸಾಕು. ಕೋಟೆಯನ್ನು ಮಾತ್ರ ಕೊನೆಗೇ ಇಟ್ಟುಕೊಳ್ಳಿ.

ಲಂಡನ್‌ನಿಂದ ಬರುವವರು ವಾಟರ್‌ಲೂನಲ್ಲಿ ಬೆಳಗಿನ ರೈಲು ಹತ್ತಿ. ಸುಮಾರು ಒಂದೂವರೆ ಗಂಟೆ ದಾರಿ. ‘ಪೋರ್ಟ್ಸ್‌ಮತ್ ಅಂಡ್ ಸೌತ್‌ಸೀ’ ಎಂಬ ಬೋರ್ಡ್ ಕಂಡ ಕೂಡಲೇ ಇಳಿಯಬೇಡಿ. ನಿಮಗೆ ಬೇಕಾದದ್ದು ಮುಂದಿನದು, ಪೋರ್ಟ್ಸ್‌ಮತ್ ಹಾರ್ಬರ್. ಅಲ್ಲಿಂದ ಹೊರಬಂದರೆ 1860ರಲ್ಲಿ ನೀರಿಗಿಳಿದ ಕಬ್ಬಿಣದ ಹಡಗು ಎಚ್‌ಎಂಎಸ್ ವಾರಿಯರ್ ಕಾಣುತ್ತದೆ. ಒಂದು ಫೋಟೋ ತೆಗೆದುಕೊಂಡು ಮುಂದೆ ನಡೆಯಿರಿ, ಹಳೆಯ ಹಡಗುಗಳನ್ನು ಇಟ್ಟಿರುವ ಡಾಕ್‌ಯಾರ್ಡ್‌ನ ಗೇಟ್ ಪಕ್ಕದಲ್ಲೇ ಇದೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ.

ಮೊದಲು ಮೇರಿ ರೋಸ್ ಮ್ಯೂಸಿಯಂಗೆ ಹೋಗಿ. ದಿನದ ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಇದು ರಾಜ ಎಂಟನೇ ಹೆನ್ರಿಯ ಹಡಗು. 1545ರ ಜುಲೈ 19ರಂದು ಫ್ರೆಂಚರ ಜೊತೆ ಕಾಳಗ ನಡೆಯುತ್ತಿದ್ದಾಗಲೇ ಒಂದು ಪಕ್ಕಕ್ಕೆ ವಾಲಿ ಮುಳುಗಿತು. ಶತ್ರುಗಳು ಹತ್ತಬಾರದೆಂದು ಡೆಕ್ ಮೇಲೆ ಬಲೆ ಬಿಗಿದಿದ್ದರು. ಆ ಬಲೆಯೇ ಒಳಗಿದ್ದವರನ್ನು ಹೊರಗೆ ಬರಲು ಬಿಡಲಿಲ್ಲ. ನೂರಾರು ಜನರಲ್ಲಿ ಬದುಕಿದವರು ಬೆರಳೆಣಿಕೆಯಷ್ಟು. 1982ರಲ್ಲಿ ಮೇಲೆತ್ತಿದಾಗ ಸಿಕ್ಕಿದ್ದು ಕೆಸರಿನಲ್ಲಿ ಹೂತಿದ್ದ ಬಲಮಗ್ಗುಲು ಮಾತ್ರ. ಕೆಸರು ಕಾಪಾಡಿದ್ದು ಹಡಗನ್ನಷ್ಟೇ ಅಲ್ಲ. ನಾವಿಕರ ಹೇನು ಬಾಚಣಿಗೆ, ಚರ್ಮದ ಬೂಟು, ದಾಳ, ಬಿಲ್ಲು, ಕೊನೆಗೆ ಒಂದು ನಾಯಿಯ ಎಲುಬುಗೂಡು ಕೂಡ ಉಳಿದಿದೆ. ಇಸವಿಗಳನ್ನು ಬಾಯಿಪಾಠ ಮಾಡಿಸುವ ಬದಲು, ಇಷ್ಟವಾದ ಒಂದೇ ವಸ್ತುವನ್ನು ಆರಿಸಿಕೊಳ್ಳಲು ಮಕ್ಕಳಿಗೆ ಹೇಳಿ. ಬಾಚಣಿಗೆ ಕಂಡರೆ ಅದನ್ನು ಹಿಡಿದಿದ್ದ ಕೈ ನೆನಪಾಗುತ್ತದೆ, ಅಲ್ವಾ?

ಆಮೇಲೆ ಎಚ್‌ಎಂಎಸ್ ವಿಕ್ಟರಿ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಗುಂಡೇಟು ತಿಂದು ಬಿದ್ದ ಜಾಗಕ್ಕೆ ಡೆಕ್ ಮೇಲೆ ಗುರುತು ಹಾಕಿದ್ದಾರೆ. ಹಡಗಿಗೆ ದೊಡ್ಡ ರಿಪೇರಿ ನಡೆಯುತ್ತಿದೆ, ಹೊರಗೆಲ್ಲ ಅಟ್ಟಣಿಗೆ ಕಟ್ಟಿದ್ದಾರೆ. ಮಕ್ಕಳಿಗೆ ನಿರಾಸೆಯಾಗದಂತೆ ಇದನ್ನು ಮೊದಲೇ ಹೇಳಿಬಿಡಿ. ಒಳಗೆ ಚಾವಣಿ ತಗ್ಗು, ಮೆಟ್ಟಿಲು ಕಡಿದು. ಎತ್ತರದವರು ತಲೆ ಬಗ್ಗಿಸಿಕೊಂಡೇ ನಡೆಯಬೇಕು. ಕೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ, ತಳ್ಳುಗಾಡಿ ನಡೆಯುವುದಿಲ್ಲ.

ಊಟ ಮುಗಿಸಿ ಸೌತ್‌ಸೀ ಕೋಟೆಗೆ ಹೊರಡಿ. ಹಳೆಯ ಪೇಟೆಯ ರೌಂಡ್ ಟವರ್ ಹಾದು ಕಡಲ ಪಕ್ಕದಲ್ಲೇ ನಡೆದರೆ ಸುಮಾರು 3 ಕಿಲೋಮೀಟರ್. ಬಿಸಿಲಿದ್ದರೂ ಗಾಳಿ ಜೋರು, ಜಾಕೆಟ್ ಇರಲಿ. ಪುಟ್ಟ ಮಕ್ಕಳಿದ್ದರೆ ಸುಮ್ನೆ ಟ್ಯಾಕ್ಸಿ ಮಾಡಿ. ಕೋಟೆ ವರ್ಷವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡೇ ಬನ್ನಿ.

ಫ್ರೆಂಚರು ದಂಡೆತ್ತಿ ಬಂದಾರೆಂದು ಹೆನ್ರಿಯೇ 1544ರಲ್ಲಿ ಕಟ್ಟಿಸಿದ ಕೋಟೆ ಇದು. ಮರುವರ್ಷವೇ ಇಲ್ಲಿಂದ ಅವನು ತನ್ನ ಹಡಗು ಮುಳುಗುವುದನ್ನು ಕಂಡ. ಗೋಡೆಯ ಮೇಲೆ ಹತ್ತಿ ಸೋಲೆಂಟ್ ಕಡಲಿನ ಕಡೆ ಮುಖ ಮಾಡಿ ನಿಲ್ಲಿ. ಬೆಳಿಗ್ಗೆ ಆರಿಸಿಕೊಂಡ ವಸ್ತು ಯಾವುದೆಂದು ಮಕ್ಕಳನ್ನು ಈಗ ಕೇಳಿ. ಅದು 400 ವರ್ಷಕ್ಕೂ ಜಾಸ್ತಿ ಕಾಲ ಬಿದ್ದಿದ್ದ ನೀರನ್ನು ಕೈ ಮಾಡಿ ತೋರಿಸಿ.