ಜಲವರ್ಣದಲ್ಲಿ ಮಳೆಗಾಲದ ಬೆಟ್ಟ: ಹಾಳೆಯ ಹಸಿ ನೋಡಿ ಬಣ್ಣ ಹಚ್ಚುವ ಕ್ರಮ

ಜಲವರ್ಣವನ್ನು ಒಂದೆರಡು ವರ್ಷ ಅಭ್ಯಾಸ ಮಾಡಿದವರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಬಣ್ಣದ ಬಗ್ಗೆಯೇ ಇರುತ್ತದೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಟ್ಯೂಬ್ ಬೇಕು, ಹಸಿರನ್ನು ಹೇಗೆ ಬೆರೆಸಬೇಕು ಎಂದು ವಿಚಾರಿಸುತ್ತಾರೆ. ಆದರೆ ಅವರ ಹಾಳೆಗಳನ್ನು ತೆರೆದು ನೋಡಿದರೆ ತೊಂದರೆ ಬಣ್ಣದಲ್ಲಿರುವುದಿಲ್ಲ. ಮೃದುವಾಗಿ ಕರಗಬೇಕಿದ್ದ ಮೋಡಕ್ಕೆ ಕತ್ತರಿಸಿದಂಥ ಅಂಚು ಬಂದಿರುತ್ತದೆ, ಸ್ಪಷ್ಟವಾಗಿ ನಿಲ್ಲಬೇಕಿದ್ದ ಮರ ಹರಡಿ ಕಲೆಯಾಗಿರುತ್ತದೆ. ಎರಡಕ್ಕೂ ಕಾರಣ ಒಂದೇ: ಕುಂಚ ತಾಗಿದ ಗಳಿಗೆಯಲ್ಲಿ ಹಾಳೆಯಲ್ಲಿ ಎಷ್ಟು ನೀರಿತ್ತು ಎಂಬುದನ್ನು ಅವರು ಗಮನಿಸಿರುವುದಿಲ್ಲ. ಈ ಲೇಖನದಲ್ಲಿ ಮಳೆಗಾಲದ ಮಲೆನಾಡಿನ ಒಂದು ಸರಳ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುತ್ತ, ಆ ಗಮನವನ್ನು ರೂಢಿಸಿಕೊಳ್ಳುವ ಬಗೆಯನ್ನು ವಿವರಿಸುತ್ತೇನೆ.

ಮಂಜನ್ನು ನೀರಿನಲ್ಲಿ ಹಿಡಿಯುವ ಕೆಲಸಕ್ಕೆ ನಮ್ಮಲ್ಲಿಯೇ ಒಂದು ದೊಡ್ಡ ಮಾದರಿ ಇದೆ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರ ಬಳಿ ಕಲಿತವರು. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಕಲಾವಿದ ಯೊಕೊಯಾಮಾ ತೈಕಾನ್ ಅವರ ಕೆಲಸವನ್ನು ನೋಡಿದ ಅಬನೀಂದ್ರನಾಥರು, ಬಣ್ಣ ಹಚ್ಚಿದ ಹಾಳೆಯನ್ನೇ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವ ವಾಷ್ ಪದ್ಧತಿಯನ್ನು ರೂಪಿಸಿಕೊಂಡಿದ್ದರು. ವೆಂಕಟಪ್ಪನವರು ಮುಂದೆ ಊಟಿ ಮತ್ತು ಕೊಡೈಕೆನಾಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬಿಡಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿರುವ ಗ್ಯಾಲರಿಯ ಸಂಗ್ರಹಕ್ಕೆ ಸೇರಿದ ಆ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕರೆ, ವಿಷಯವನ್ನು ಬಿಟ್ಟು ಅಂಚುಗಳನ್ನಷ್ಟೇ ನೋಡಿ. ಬೆಟ್ಟದ ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಆವಿಯಾಗಿ ಹೋಗುತ್ತದೆ ಎಂಬುದನ್ನು ಹಿಂಬಾಲಿಸಿ. ಅದು ಅರ್ಧ ದಿನದ ಪಾಠವಾಗುತ್ತದೆ.

ಮೊದಲು ಹಾಳೆ

ಕೈಯಲ್ಲಿರುವ ಹಣದಲ್ಲಿ ಹೆಚ್ಚಿನ ಪಾಲನ್ನು ಹಾಳೆಗೆ ಕೊಡಿ. ಸಾಧಾರಣ ಬಣ್ಣ ಒಳ್ಳೆಯ ಹಾಳೆಯ ಮೇಲೆ ಬಾಳುತ್ತದೆ. ದುಬಾರಿ ಬಣ್ಣ ಕೆಟ್ಟ ಹಾಳೆಯ ಮೇಲೆ ಸೋಲುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಕದ, ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್ ಎಂದು ಕರೆಯುವ ನಡುಮಟ್ಟದ ಒರಟು ಮೈಯ ಹಾಳೆ ಈ ಕೆಲಸಕ್ಕೆ ಹೊಂದುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಹಾಳೆ ಅಭ್ಯಾಸಕ್ಕೆ ಆಗುತ್ತದೆಯಾದರೂ, ಅದರ ಮೇಲಿನ ನೀರು ಬೇಗ, ಅದೂ ಅಲ್ಲಲ್ಲಿ ತೇಪೆ ತೇಪೆಯಾಗಿ, ಆರುವುದರಿಂದ ಹಸಿಯನ್ನು ಗುರುತಿಸುವ ಪಾಠ ಅಲ್ಲಿ ನಡೆಯುವುದಿಲ್ಲ. ಇಂಪೀರಿಯಲ್ ಅಳತೆಯ ಪೂರ್ಣ ಹಾಳೆ 22 x 30 ಇಂಚು ಇರುತ್ತದೆ. ಅದನ್ನು ನಾಲ್ಕು ಮಾಡಿ, 11 x 15 ಇಂಚಿನ ತುಂಡಿನಲ್ಲಿ ಕೆಲಸ ಮಾಡಿ.

ನಮ್ಮ ಮಳೆಗಾಲ ಹಾಳೆಗೆ ಮಾಡುವ ಹಾನಿಯನ್ನು ಇಲ್ಲಿ ಹೇಳಲೇಬೇಕು. ಜಲವರ್ಣದ ಹಾಳೆ ನೀರನ್ನು ಒಮ್ಮೆಲೇ ಕುಡಿಯದಂತೆ ತಡೆಯಲು ತಯಾರಕರು ಅದಕ್ಕೆ ಜೆಲಾಟಿನ್‌ನಂಥ ಅಂಟಿನ ಲೇಪ ಕೊಟ್ಟಿರುತ್ತಾರೆ. ಇದಕ್ಕೆ ಸೈಜಿಂಗ್ ಎನ್ನುತ್ತಾರೆ. ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಹಾಳೆಯಲ್ಲಿ ಬೂಷ್ಟು ಈ ಲೇಪವನ್ನೇ ತಿನ್ನುತ್ತದೆ. ಒಂದು ಮಳೆಗಾಲ ನಾನು ಹತ್ತು ಒಳ್ಳೆಯ ಹಾಳೆಗಳನ್ನು ಗೋಡೆಗೆ ತಾಗಿದ ಬೀರುವಿನಲ್ಲಿ ಸುಮ್ಮನೆ ಇಟ್ಟಿದ್ದೆ. ಸೆಪ್ಟೆಂಬರಿನಲ್ಲಿ ತೆಗೆದಾಗ ಅವು ಬೆಳ್ಳಗೆ, ಹೊಸದರಂತೆಯೇ ಇದ್ದವು. ಆಕಾಶದ ಮೊದಲ ತೆಳು ಬಣ್ಣದ ಪದರ ಹಾಕಿದ ತಕ್ಷಣ ಮಾತ್ರ ಸಾಸಿವೆ ಚೆಲ್ಲಿದಂತೆ ನೂರಾರು ಕಪ್ಪು ಚುಕ್ಕೆಗಳೆದ್ದವು. ಲೇಪ ಸತ್ತ ಜಾಗಗಳಲ್ಲೆಲ್ಲ ಬಣ್ಣ ಒಳಗಿಳಿದು ಕುಳಿತಿತ್ತು. ಅಂಥ ಹಾಳೆಯನ್ನು ಇದ್ದಿಲಿಗೋ ಪ್ಯಾಸ್ಟಲ್‌ಗೋ ಬಳಸಿಕೊಳ್ಳಬಹುದೇ ಹೊರತು ಜಲವರ್ಣಕ್ಕೆ ಮರಳಿ ತರಲಾಗದು. ಆದ್ದರಿಂದ ಹಾಳೆಗಳನ್ನು ಮೇ ಮುಗಿಯುವ ಮೊದಲೇ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಗೋಡೆಯಿಂದ ದೂರವಿಡಿ. ಹಳೆಯ ಹಾಳೆಯಲ್ಲಿ ಚಿತ್ರ ಆರಂಭಿಸುವ ಮೊದಲು ಮೂಲೆಯಲ್ಲೊಂದು ತೆಳು ಬಣ್ಣದ ಪಟ್ಟಿ ಎಳೆದು ಪರೀಕ್ಷಿಸಿ.

ಬಣ್ಣ ಆರು ಸಾಕು: ಅಲ್ಟ್ರಾಮರೀನ್ ನೀಲಿ, ಥಾಲೋ ನೀಲಿ, ಲೆಮನ್ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಮತ್ತು ಒಂದು ಕೆಂಪು. ಟ್ಯೂಬಿನ ಮೇಲಿನ ಆಕರ್ಷಕ ಹೆಸರಿಗಿಂತ ಸಣ್ಣಕ್ಷರದ ಪಿಗ್ಮೆಂಟ್ ಸಂಕೇತವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಪಿಬಿ 29 ಎಂದಿದ್ದರೆ ಅದು ಅಲ್ಟ್ರಾಮರೀನ್. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು. ಬೆಳಕಿಗೆ ಮಾಸುವ ಬಣ್ಣವಾದ್ದರಿಂದ ಗೋಡೆಗೆ ತೂಗುವ ಚಿತ್ರಕ್ಕೆ ಅದು ಬೇಡ. ಟ್ಯೂಬಿನಲ್ಲಿ ಸಿಗುವ ಸಿದ್ಧ ಹಸಿರನ್ನು ನಾನು ಮಲೆನಾಡಿನ ದೃಶ್ಯಕ್ಕೆ ಮುಟ್ಟುವುದಿಲ್ಲ. ಅದು ಪ್ಲಾಸ್ಟಿಕ್ ಎಲೆಯ ಹಸಿರು.

ಕುಂಚಗಳಲ್ಲಿ ನೀರು ಹೆಚ್ಚು ಹಿಡಿಯುವ ಒಂದು ಮಾಪ್, ತುದಿ ಕೂಡುವ 10 ಅಥವಾ 12ನೇ ನಂಬರಿನ ಒಂದು ದುಂಡು ಕುಂಚ, ಉದ್ದ ಕೂದಲಿನ ತೆಳುವಾದ ಒಂದು ರಿಗ್ಗರ್ ಇರಲಿ. ನೀರಿಗೆ ಎರಡು ಡಬ್ಬಿ, ತೊಳೆಯಲೊಂದು ಮತ್ತು ಶುದ್ಧ ನೀರಿಗೊಂದು. ಎಡಗೈಯಲ್ಲಿ ಸದಾ ಹಳೆಯ ಪಂಚೆಯ ಒಂದು ತುಂಡು ಇರಬೇಕು. ಕುಂಚದಲ್ಲಿರುವ ನೀರಿನ ಲೆಕ್ಕ ನಡೆಯುವುದು ಆ ಬಟ್ಟೆಯ ಮೇಲೆ.

ಒದ್ದೆ, ಹಸಿ, ಪಸೆ, ಒಣ

ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡುವವರಿಗೆ ಈ ನಾಲ್ಕು ಪದಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಹಾಳೆಗೂ ಇವೇ ನಾಲ್ಕು ಹಂತಗಳು. ಒದ್ದೆ ಎಂದರೆ ನೀರು ಮೇಲೆ ನಿಂತು ಕನ್ನಡಿಯಂತೆ ಹೊಳೆಯುತ್ತದೆ. ಈಗ ಹಾಕಿದ ಬಣ್ಣ ತನ್ನಿಚ್ಛೆಯಂತೆ ಹರಿದು ಹೋಗುತ್ತದೆ, ಆಕಾರ ನಿಲ್ಲುವುದಿಲ್ಲ. ಹಸಿ ಎಂದರೆ ಆ ಹೊಳಪು ಇಳಿದು, ರೇಷ್ಮೆಯಂಥ ಮಂದ ಮಿನುಗು ಮಾತ್ರ ಉಳಿದಿರುತ್ತದೆ. ಈಗ ಹಾಕಿದ ಗಟ್ಟಿ ಬಣ್ಣ ಸ್ವಲ್ಪವೇ ಹರಡಿ, ಅಂಚು ಮೃದುವಾಗಿ ನಿಲ್ಲುತ್ತದೆ. ಮಂಜಿನಲ್ಲಿರುವ ಮರಗಳಿಗೆ ಇದೇ ಸಮಯ. ಪಸೆ ಎಂದರೆ ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ, ಆದರೆ ಅಂಗೈಯ ಹಿಂಭಾಗವನ್ನು ತಾಗಿಸಿದರೆ ತಣ್ಣಗಿರುತ್ತದೆ. ಇದೇ ಅಪಾಯದ ಹಂತ. ಈಗ ನೀರು ತುಂಬಿದ ಕುಂಚ ತಾಗಿದರೆ ಆ ಹೊಸ ನೀರು ಅರೆ ಆರಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ, ಹೂಕೋಸಿನಂಥ ಕಲೆ ಏಳುತ್ತದೆ. ಒಣ ಎಂದರೆ ಮುಟ್ಟಿದಾಗ ಕೋಣೆಯಷ್ಟೇ ಬೆಚ್ಚಗಿರುವುದು. ಇಲ್ಲಿ ಮಾತ್ರ ಗೆರೆ ಖಚಿತವಾಗಿ ನಿಲ್ಲುತ್ತದೆ.

ಇದಕ್ಕೆ ಜೊತೆಯಾಗಿ ಪ್ಯಾಲೆಟ್ಟಿನಲ್ಲಿರುವ ಬಣ್ಣದ ದಪ್ಪವನ್ನೂ ಅಡುಗೆಮನೆಯ ಮಾತಿನಲ್ಲಿ ನೆನಪಿಡಬಹುದು: ತಿಳಿಸಾರು, ಹಾಲು, ದೋಸೆ ಹಿಟ್ಟು, ಬೆಣ್ಣೆ. ಹಾಳೆ ಆರುತ್ತ ಹೋದಂತೆ ಬಣ್ಣ ದಪ್ಪವಾಗುತ್ತ ಹೋಗಬೇಕು. ಹಾಳೆಯಲ್ಲಿರುವುದಕ್ಕಿಂತ ಹೆಚ್ಚು ನೀರು ಕುಂಚದಲ್ಲಿರಬಾರದು ಎಂಬ ಒಂದೇ ಮಾತನ್ನು ಪಾಲಿಸಿದರೆ ಹೂಕೋಸು ಏಳುವುದಿಲ್ಲ.

ಚಿತ್ರಕ್ಕೆ ಕೈಹಾಕುವ ಮೊದಲು ಈ ಅಭ್ಯಾಸವನ್ನು ಒಮ್ಮೆ ಮಾಡಿ. ಉದ್ದನೆಯ ಹಾಳೆಯ ಪಟ್ಟಿಯೊಂದಕ್ಕೆ ತಿಳಿಸಾರಿನಷ್ಟು ತೆಳು ಬಣ್ಣ ಹಚ್ಚಿ, ಪ್ರತಿ ನಿಮಿಷಕ್ಕೊಮ್ಮೆ ದೋಸೆ ಹಿಟ್ಟಿನಷ್ಟು ಗಟ್ಟಿಯಾದ ಅಲ್ಟ್ರಾಮರೀನ್‌ನ ಒಂದು ಅಡ್ಡಗೆರೆ ಎಳೆಯಿರಿ, ಕೆಳಗೆ ಪೆನ್ಸಿಲಿನಲ್ಲಿ ನಿಮಿಷವನ್ನು ಬರೆಯಿರಿ. ಮೊದಲ ಗೆರೆ ಮೋಡದಂತೆ ಹರಡಿರುತ್ತದೆ, ಕೊನೆಯದು ದಾರದಂತೆ ನಿಂತಿರುತ್ತದೆ, ನಡುವಿನವು ನಿಮಗೆ ಬೇಕಾದ ಎಲ್ಲ ಅಂಚುಗಳ ಪಟ್ಟಿಯಾಗುತ್ತವೆ. ಇದೇ ಅಭ್ಯಾಸವನ್ನು ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿಯೂ ಜುಲೈನಲ್ಲಿ ಸಾಗರದಲ್ಲಿಯೂ ಮಾಡಿದರೆ ಎರಡು ಬೇರೆ ಪಟ್ಟಿಗಳೇ ಸಿಗುತ್ತವೆ. ಬಳ್ಳಾರಿಯ ಬಿಸಿಲಲ್ಲಿ ಹೊಳಪು ಎರಡು ಮೂರು ನಿಮಿಷದಲ್ಲಿ ಹೋಗುವುದನ್ನೂ, ಸಾಗರದ ಮಳೆಯಲ್ಲಿ ಅರ್ಧ ಗಂಟೆಯಾದರೂ ಹಾಳೆಯ ಪಸೆ ಆರದಿರುವುದನ್ನೂ ನಾನು ಕಂಡಿದ್ದೇನೆ. ಹೀಗಿರುವಾಗ ಯಾರೋ ವಿಡಿಯೊದಲ್ಲಿ ಹೇಳಿದ ನಿಮಿಷಗಳ ಲೆಕ್ಕ ನಿಮ್ಮ ಕೋಣೆಗೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ಹಾಳೆಯ ಎರಡೂ ಬದಿ ಒದ್ದೆ ಮಾಡಿಕೊಂಡರೆ ಸಮಯ ಹೆಚ್ಚು ಸಿಗುತ್ತದೆ.

ದೃಶ್ಯವನ್ನು ಬಿಡಿಸುವುದು

ದೂರದಲ್ಲಿ ಎರಡು ಸಾಲು ಬೆಟ್ಟ, ಅವುಗಳ ಬುಡದಲ್ಲಿ ಮಂಜು, ನಡುವೆ ಅಡಿಕೆ ತೋಟ, ಮುಂದೆ ಒಂದು ಹೆಂಚಿನ ಮನೆ ಮತ್ತು ಕೆಮ್ಮಣ್ಣಿನ ದಾರಿ: ನಮ್ಮ ದೃಶ್ಯ ಇಷ್ಟೆ. ಮೊದಲು ಅಂಗೈಯಗಲದ ಕಾಗದದಲ್ಲಿ ಪೆನ್ಸಿಲಿನಿಂದ ಬಿಳಿ, ಬೂದು, ಕಪ್ಪು ಎಂಬ ಮೂರೇ ಛಾಯೆಗಳಲ್ಲಿ ಇದನ್ನು ಐದು ನಿಮಿಷದಲ್ಲಿ ಗುರುತು ಹಾಕಿಕೊಳ್ಳಿ. ಮೊಬೈಲಿನ ಫೋಟೊ ನೋಡಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಮೋಡ ಕವಿದ ದಿನದ ಫೋಟೊದಲ್ಲಿ ಆಕಾಶ ಬರೀ ಬಿಳುಪಾಗಿ, ತೋಟ ಬರೀ ಕಪ್ಪಾಗಿ ಬಂದಿರುತ್ತದೆ.

ಹಾಳೆಯನ್ನು ಹಲಗೆಗೆ ನಾಲ್ಕೂ ಬದಿ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಹಲಗೆಯ ಮೇಲ್ತುದಿಯ ಕೆಳಗೆ ಒಂದು ದಪ್ಪ ಪುಸ್ತಕವಿಟ್ಟು ಇಳಿಜಾರು ಮಾಡಿ. ಪೆನ್ಸಿಲ್ ಗೆರೆಗಳು ಹಗುರವಾಗಿರಲಿ. ರಬ್ಬರಿನಿಂದ ಉಜ್ಜಿದರೆ ಹಾಳೆಯ ಲೇಪ ಕೆದರಿ ಆ ಜಾಗದಲ್ಲಿ ಬಣ್ಣ ಕೊಳಕಾಗಿ ಕೂರುತ್ತದೆ. ಮನೆಯ ಮಾಡಿನಿಂದ ಮೇಲಿನ ಭಾಗಕ್ಕೆಲ್ಲ ಮಾಪ್‌ನಿಂದ ಶುದ್ಧ ನೀರು ಹಚ್ಚಿ, ಕಣ್ಣನ್ನು ಹಾಳೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ನೋಡಿ. ನೀರು ಎಲ್ಲೆಡೆ ಸಮನಾಗಿ ಹೊಳೆಯುತ್ತಿದ್ದರೆ ಬೆಟ್ಟದ ನೆತ್ತಿಯ ಹತ್ತಿರ ತೀರಾ ತೆಳುವಾದ ಓಕರ್ ಎಳೆದು, ಮೇಲಿನಿಂದ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದ ಬೂದುಬಣ್ಣವನ್ನು ಹಾಲಿನ ದಪ್ಪದಲ್ಲಿ ಇಳಿಬಿಡಿ. ಈ ಎರಡು ಬಣ್ಣಗಳ ಬೂದು ಬಹಳ ಉಪಕಾರಿ: ನೀಲಿ ಹೆಚ್ಚಾದರೆ ಮಳೆಮೋಡ, ಕಂದು ಹೆಚ್ಚಾದರೆ ಹಳೆಯ ಮರ, ಸಮನಾದರೆ ಕಲ್ಲು. ಅಲ್ಟ್ರಾಮರೀನ್‌ನ ಕಣಗಳು ಹಾಳೆಯ ತಗ್ಗುಗಳಲ್ಲಿ ಕೂತು ಮೋಡಕ್ಕೆ ತಾನಾಗಿಯೇ ಮರಳು ಮರಳಾದ ಮೈಯನ್ನು ಕೊಡುತ್ತವೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಬೇಕೆನಿಸಿದ್ದಕ್ಕಿಂತ ಒಂದು ಮಟ್ಟ ಗಾಢವಾಗಿಯೇ ಹಚ್ಚಿ. ಮಂಜಿರುವ ಜಾಗವನ್ನು ಮುಟ್ಟಬೇಡಿ. ಚಿತ್ರದ ಅತಿ ಬಿಳಿ ಭಾಗ ಬರಿಯ ಹಾಳೆಯೇ. ಆಮೇಲೆ ಬಿಳಿ ಬಣ್ಣ ಹಚ್ಚಿ ಮಂಜನ್ನು ತರುತ್ತೇನೆ ಎಂದುಕೊಂಡರೆ ಅದು ಸುಣ್ಣ ಬಳಿದಂತೆ ಕಾಣುತ್ತದೆ.

ಈಗ ಕೈಕಟ್ಟಿ ಕಾಯಬೇಕು. ಹೊಳಪು ಇಳಿದು ಮಂದ ಮಿನುಗು ಬಂದಾಗ, ಅಂದರೆ ಹಾಳೆ ಹಸಿಯಾಗಿರುವಾಗ, ದೂರದ ಬೆಟ್ಟವನ್ನು ನೀಲಿ ಹೆಚ್ಚಿರುವ ಬೂದುಬಣ್ಣದಲ್ಲಿ, ಮೋಡಕ್ಕಿಂತ ದಪ್ಪವಾಗಿ ಹಾಕಿ. ಅದರ ನೆತ್ತಿ ತಾನಾಗಿ ಮೃದುವಾಗುತ್ತದೆ. ಬುಡವನ್ನು, ತೊಳೆದು ಪಂಚೆಯ ತುಂಡಿಗೆ ಒತ್ತಿದ ಕುಂಚದಿಂದ ಅಡ್ಡಲಾಗಿ ಒಮ್ಮೆ ಸವರಿ ಮಂಜಿನೊಳಗೆ ಕರಗಿಸಿ. ಒಮ್ಮೆ ಸವರಿದ ಮೇಲೆ ಮತ್ತೆ ಸರಿಪಡಿಸಲು ಹೋಗದೆ ಹಾಳೆಯನ್ನು ಪೂರ್ಣ ಒಣಗಲು ಬಿಡಿ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಹೋದ ಮೇಲೆಯೇ ಬಳಸಿ, ಇಲ್ಲವಾದರೆ ಗಾಳಿ ಬಣ್ಣವನ್ನು ದೂಡುತ್ತದೆ.

ಎರಡನೆಯ ಬೆಟ್ಟ ಹತ್ತಿರದ್ದು. ಅದರ ನೆತ್ತಿಯ ಗೆರೆ ಸ್ಪಷ್ಟವಾಗಿರಬೇಕು. ಒಣ ಹಾಳೆಯ ಮೇಲೆ ಅಲ್ಟ್ರಾಮರೀನ್ ಮತ್ತು ಓಕರ್ ಬೆರೆತ ಮಂಕು ಹಸಿರಿನಿಂದ ನೆತ್ತಿಯನ್ನು ಎಳೆದು, ಅರ್ಧ ಇಳಿದ ಮೇಲೆ ಕುಂಚಕ್ಕೆ ನೀರನ್ನಷ್ಟೇ ತೆಗೆದುಕೊಂಡು ಕೆಳಗಂಚನ್ನು ಮತ್ತೆ ಮಂಜಿಗೆ ಸೇರಿಸಿ. ಒಂದೇ ಬೆಟ್ಟದಲ್ಲಿ ಮೇಲೆ ಗಟ್ಟಿ ಅಂಚು, ಕೆಳಗೆ ಮೆದು ಅಂಚು ಬಂದಾಗ ನಡುವೆ ಗಾಳಿ ಇದೆ ಎಂದು ಕಣ್ಣು ನಂಬುತ್ತದೆ.

ಅಡಿಕೆ ತೋಟದಲ್ಲಿ ಹೆಚ್ಚಿನವರು ಮರಗಳನ್ನು ಎಣಿಸಲು ತೊಡಗಿ ಸೋಲುತ್ತಾರೆ. ಮೊದಲು ಥಾಲೋ ನೀಲಿ ಮತ್ತು ಲೆಮನ್ ಹಳದಿಯ ಹಸಿರಿಗೆ ಒಂದು ಚಿಟಿಕೆ ಬರ್ನ್ಟ್ ಸಿಯೆನ್ನಾ ಬೆರೆಸಿ ಇಡೀ ತೋಟವನ್ನು ಒಂದೇ ರಾಶಿಯಾಗಿ ಹಾಕಿ. ಹಾಕುತ್ತಿರುವಾಗಲೇ ಕೆಲವೆಡೆ ಹಳದಿಯನ್ನೂ ಕೆಲವೆಡೆ ನೀಲಿಯನ್ನೂ ತೊಟ್ಟಿಕ್ಕಿಸಿ. ರಾಶಿ ಹಸಿಯಾಗಿರುವಾಗ ದೋಸೆ ಹಿಟ್ಟಿನ ದಪ್ಪದ ಗಾಢ ಹಸಿರಿನಿಂದ ನಾಲ್ಕಾರು ಸೋಗೆಗಳ ಸೂಚನೆ ಕೊಡಿ. ಒಣಗಿದ ಮೇಲೆ ರಿಗ್ಗರ್‌ನಿಂದ ಬೂದು ಕಾಂಡಗಳನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆಯಿರಿ. ಏಳೆಂಟು ಸಾಕು, ಅವುಗಳ ನಡುವಿನ ಅಂತರ ಸಮನಾಗಿರದಿರಲಿ.

ಮಾಡಿಗೆ ಬರ್ನ್ಟ್ ಸಿಯೆನ್ನಾ ಒಂದೇ ಸಾಲದು. ಮಳೆಯಲ್ಲಿ ನೆನೆದ ಹೆಂಚು ಒಂದೆಡೆ ಪಾಚಿಗಟ್ಟಿ ಕಪ್ಪಾಗಿ, ಒಂದೆಡೆ ಆಕಾಶವನ್ನು ಹಿಡಿದು ತಿಳಿನೀಲಿಯಾಗಿ ಕಾಣುತ್ತದೆ. ಆದ್ದರಿಂದ ಹಚ್ಚಿದ ಬಣ್ಣ ಒದ್ದೆಯಿರುವಾಗಲೇ ಕೆಂಪನ್ನೂ ಅಲ್ಟ್ರಾಮರೀನ್ ಅನ್ನೂ ಅದರೊಳಗೆ ಬಿಟ್ಟು ಅಲ್ಲಿಯೇ ಬೆರೆಯಲು ಬಿಡಿ. ದಾರಿಗೂ ಇದೇ ಬಣ್ಣವನ್ನು ತೆಳುಮಾಡಿ ಎಳೆದರೆ ಮನೆ ಮತ್ತು ಮಣ್ಣು ಒಂದಕ್ಕೊಂದು ಸಂಬಂಧಿಸಿದಂತೆ ಕಾಣುತ್ತವೆ. ಕಡೆಗೆ ಬೆಣ್ಣೆಯ ದಪ್ಪದ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದಿಂದ ಸೂರಿನ ಕೆಳಗಿನ ನೆರಳು, ತೆರೆದ ಬಾಗಿಲಿನ ಒಳಗತ್ತಲೆ, ಬೇಕಿದ್ದರೆ ದಾರಿಯಲ್ಲಿ ಕೊಡೆ ಹಿಡಿದ ಒಂದು ಪುಟ್ಟ ಆಕೃತಿ. ಚಿತ್ರದ ಅತಿ ಕಪ್ಪು ಇವಿಷ್ಟರಲ್ಲಿ ಮಾತ್ರ ಇರಲಿ.

ಕೆಟ್ಟದ್ದನ್ನು ತಿದ್ದುವಾಗ

ಹೂಕೋಸು ಎದ್ದರೆ ತಕ್ಷಣ ಒರೆಸಬೇಡಿ; ಪಸೆಯಲ್ಲಿರುವ ಹಾಳೆಯನ್ನು ಕೆದಕಿದಷ್ಟೂ ಅದು ಹರಡುತ್ತದೆ. ಪೂರ್ತಿ ಒಣಗಿದ ಮೇಲೆ ಅದರ ಗಟ್ಟಿ ಅಂಚನ್ನು ಒದ್ದೆ ಕುಂಚದಿಂದ ನಿಧಾನವಾಗಿ ಸಡಿಲಿಸಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಅಲ್ಟ್ರಾಮರೀನ್ ಹೀಗೆ ಬಹುಪಾಲು ಎದ್ದು ಬರುತ್ತದೆ, ಥಾಲೋ ನೀಲಿ ಹಾಳೆಗೆ ಕಚ್ಚಿಕೊಂಡು ಬಿಡುವುದಿಲ್ಲ. ಆಕಾಶಕ್ಕೆ ಥಾಲೋ ಬಳಸದಿರಲು ನನಗೆ ಇದೂ ಒಂದು ಕಾರಣ. ಬಣ್ಣ ಕೆಸರಾಗಿದ್ದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ಒಣಗುವ ಮೊದಲೇ ಮೂರು ನಾಲ್ಕು ಬಾರಿ ಕುಂಚ ಆಡಿಸಿರುತ್ತೀರಿ. ಅದಕ್ಕೆ ಪರಿಹಾರ ಇನ್ನೊಂದು ಹಾಳೆ.

ಹಾಳೆ ಪೂರ್ಣ ಒಣಗಿದ ಮೇಲೆಯೇ ಟೇಪನ್ನು ಚಿತ್ರದಿಂದ ಹೊರಮುಖವಾಗಿ, ಓರೆಯಾಗಿ ಎಳೆದು ತೆಗೆಯಿರಿ. ಸೊಟ್ಟಗಾಗಿದ್ದರೆ ಹಿಂಬದಿಗೆ ಸ್ವಲ್ಪ ನೀರು ಸಿಂಪಡಿಸಿ, ಎರಡು ಶುದ್ಧ ಹಾಳೆಗಳ ನಡುವೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂಚು ಇರಲೇಬೇಕು, ಏಕೆಂದರೆ ಕರಾವಳಿ ಮತ್ತು ಮಲೆನಾಡಿನ ಗಾಳಿಯಲ್ಲಿ ಗಾಜಿನ ಒಳಮೈ ಬೆವರುತ್ತದೆ, ಬೂಷ್ಟು ಮೊದಲು ಹಿಡಿಯುವುದು ಹಾಳೆ ಗಾಜಿಗೆ ತಾಗಿದ ಜಾಗದಲ್ಲಿಯೇ.