ಲಸಿಕೆ ಮೈಗೆ ಹತ್ತಿದೆಯೇ? ಹೆಪಟೈಟಿಸ್ ಬಿ ಟೈಟರ್ ನೋಡಿಸುವುದು ಹೇಗೆ

ನರ್ಸಿಂಗ್ ವಿದ್ಯಾರ್ಥಿಗಳು, ಲ್ಯಾಬ್ ಸಿಬ್ಬಂದಿ, ಡಯಾಲಿಸಿಸ್‌ ಮಾಡಿಸಿಕೊಳ್ಳುವವರು, ಹೆಪಟೈಟಿಸ್ ಬಿ ಇರುವವರ ಗಂಡ ಅಥವಾ ಹೆಂಡತಿ. ಇವರಿಗೆ ಮೂರು ಡೋಸ್ ಹಾಕಿಸಿಕೊಂಡರಷ್ಟೇ ಸಾಲದು, ಲಸಿಕೆ ಕೆಲಸ ಮಾಡಿದೆಯೇ ಎಂದು ರಕ್ತ ಕೊಟ್ಟು ಟೈಟರ್, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂದು ನೋಡಿಸಬೇಕು. ಉಳಿದ ಆರೋಗ್ಯವಂತರಿಗೆ ಈ ಖರ್ಚು ಬೇಕಿಲ್ಲ.

ಮೊದಲು ದಿನದ ಲೆಕ್ಕ. ದೊಡ್ಡವರಿಗೆ ಲಸಿಕೆ 0, 1 ಮತ್ತು 6ನೇ ತಿಂಗಳಿಗೆ. ಕೊನೆಯ ಡೋಸ್ ಆದ ಒಂದರಿಂದ ಎರಡು ತಿಂಗಳೊಳಗೆ ರಕ್ತ ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ. ಐದಾರು ವರ್ಷ ಬಿಟ್ಟು ಹೋದರೆ ಪ್ರತಿಕಾಯ ತಾನಾಗಿಯೇ ಇಳಿದಿರುತ್ತದೆ. ಲಸಿಕೆ ಹತ್ತಲೇ ಇಲ್ಲವೋ, ಹತ್ತಿ ಇಳಿಯಿತೋ ತಿಳಿಯುವುದಿಲ್ಲ. ಆಗ ಇನ್ನೊಂದು ಡೋಸ್ ಹಾಕಿ ಒಂದೆರಡು ತಿಂಗಳಿಗೆ ಮತ್ತೆ ನೋಡುತ್ತಾರೆ. ಹಿಂದೆ ಹತ್ತಿದ್ದರೆ ಅಂಕಿ ಸರ್ರನೆ ಏರುತ್ತದೆ.

ಕೌಂಟರ್‌ನಲ್ಲಿ ‘ಹೆಪಟೈಟಿಸ್ ಬಿ ಟೆಸ್ಟ್’ ಎಂದಷ್ಟೇ ಹೇಳಬೇಡಿ. ಎಚ್‌ಬಿಎಸ್‌ಎಜಿಗೆ (ವೈರಸ್ಸಿನ ಹೊರಮೈ ಪ್ರೋಟೀನ್ ಹುಡುಕುವ ಪರೀಕ್ಷೆಗೆ) ಬಿಲ್ ಹಾಕಿಬಿಡುತ್ತಾರೆ. ಅದು ಹುಡುಕುವುದು ಸೋಂಕನ್ನು, ರೋಗನಿರೋಧಕ ಶಕ್ತಿಯನ್ನಲ್ಲ. ಬೇಕಾದದ್ದು ‘ಆ್ಯಂಟಿ ಎಚ್‌ಬಿಎಸ್, ಕ್ವಾಂಟಿಟೇಟಿವ್’, ಅಂದರೆ ಆ ಪ್ರೋಟೀನ್ ವಿರುದ್ಧದ ಪ್ರತಿಕಾಯದ ಅಳತೆ. ಬರೀ ಪಾಸಿಟಿವ್ ಎಂಬ ಮಾತು ಸಾಲದು, ಅಂಕಿಯೇ ಬೇಕು.

ಉಪವಾಸ ಬೇಡ. ಮೊಣಕೈ ನರದಿಂದ 3ರಿಂದ 5 ಎಂಎಲ್ ರಕ್ತ ತೆಗೆದು ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿದರೆ ಒಣಹುಲ್ಲಿನ ಬಣ್ಣದ ಸೀರಮ್ ಮೇಲೆ ನಿಲ್ಲುತ್ತದೆ. ಸಣ್ಣ ಸೂಜಿಯಲ್ಲಿ ಜಗ್ಗಿ ಎಳೆದಿದ್ದರೆ ರಕ್ತಕಣ ಒಡೆದು ಸೀರಮ್ ಕೆಂಪಗಾಗುತ್ತದೆ. ಅಂಥದ್ದಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ. ರೋಗಿಗೆ ಬಳಸಿದ ಸೂಜಿ ತಗುಲಿದಾಗ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಹಾಕಿಸಿಕೊಂಡವರದು ಇದಕ್ಕೆ ತದ್ವಿರುದ್ಧ: ಹೊರಗಿನಿಂದ ಬಂದ ಆ ಪ್ರತಿಕಾಯವೇ ವರದಿಯಲ್ಲಿ ಕಾಣುವುದರಿಂದ ಸುಮಾರು ಆರು ತಿಂಗಳು ಕಾಯಬೇಕು.

ವರದಿಯಲ್ಲಿ ಪ್ರತಿ ಎಂಎಲ್‌ಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ. 12 ಬಂದರೂ ಸರಿ, 900 ಬಂದರೂ ಸರಿ. ಸರಿಯಾದ ಸಮಯಕ್ಕೆ ಒಮ್ಮೆ ಇಷ್ಟು ಬಂದ ಆರೋಗ್ಯವಂತರಿಗೆ, ಮುಂದೆ ಅಂಕಿ ಇಳಿದರೂ ಬೂಸ್ಟರ್ ಬೇಕಿಲ್ಲ. ಡಯಾಲಿಸಿಸ್‌ನವರ ಮಾತು ಬೇರೆ, ಅವರು ವರ್ಷಕ್ಕೊಮ್ಮೆ ನೋಡಿಸಲೇಬೇಕು.

10ಕ್ಕಿಂತ ಕಡಿಮೆಯೇ? ಲಸಿಕೆ ಎಲ್ಲಿ ಚುಚ್ಚಿದ್ದರು ಎಂದು ನೆನಪಿಸಿಕೊಳ್ಳಿ. ತೋಳಿನ ಸ್ನಾಯುವಿಗೆ ಹೋಗಬೇಕಾದದ್ದು ಪೃಷ್ಠದ ಕೊಬ್ಬಿಗೆ ಹೋದರೆ ಸರಿಯಾಗಿ ಹತ್ತುವುದಿಲ್ಲ. ಫ್ರಿಜ್‌ನಲ್ಲಿ ಗಟ್ಟಿಕಟ್ಟಿ ಕರಗಿದ ಲಸಿಕೆಯೂ ನಿಷ್ಪ್ರಯೋಜಕ. ಅಂಥ ಬಾಟಲಿ ಅಲುಗಿಸಿ ಇಟ್ಟರೆ ಚೂರುಚೂರಾದ ಗಸಿ ಬೇಗ ತಳ ಸೇರುತ್ತದೆ. ವಯಸ್ಸು, ಸ್ಥೂಲಕಾಯ, ಧೂಮಪಾನವೂ ಕಾರಣವಾಗಬಹುದು. ಮೂರು ಡೋಸ್ ಮತ್ತೆ ಹಾಕಿಸಿ, ಮತ್ತೆ ನೋಡಿಸಿ. ಆಗಲೂ ಬರದಿದ್ದರೆ ಎಚ್‌ಬಿಎಸ್‌ಎಜಿ ಜೊತೆಗೆ ಆ್ಯಂಟಿ ಎಚ್‌ಬಿಸಿ ಮಾಡಿಸಬೇಕು. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಮೈ ಪ್ರೋಟೀನ್ ಮಾತ್ರ. ಆದ್ದರಿಂದ ಒಳತಿರುಳಿನ ವಿರುದ್ಧದ ಈ ಪ್ರತಿಕಾಯ ನಿಜವಾಗಿ ಇದ್ದರೆ ಅದು ಸೋಂಕಿನ ಗುರುತು, ಲಸಿಕೆಯದಲ್ಲ.

ಎಚ್‌ಬಿಎಸ್‌ಎಜಿ ಆರು ತಿಂಗಳಾದರೂ ಪಾಸಿಟಿವ್ ಇದ್ದರೆ ದೀರ್ಘಕಾಲದ ಸೋಂಕು ಎನ್ನುತ್ತಾರೆ. ಆದರೆ ಡೋಸ್ ಹಾಕಿಸಿಕೊಂಡ 18 ದಿನದೊಳಗೆ ಈ ಪರೀಕ್ಷೆ ಮಾಡಿಸಬೇಡಿ: ಲಸಿಕೆಯದೇ ಪ್ರೋಟೀನ್ ರಕ್ತದಲ್ಲಿ ಸಿಕ್ಕಿ, ಇಲ್ಲದ ಕಾಯಿಲೆ ವರದಿಯಲ್ಲಿ ಬಂದುಬಿಡಬಹುದು.